ಹಟಗಾರಪೇಟೆಯ ಹಸಿರು

ಅದಕ್ಕೆ ಕಡಗ ಎಂದು ಹೆಸರಿಟ್ಟವಳು ಮಹಾನಂದಾ ಮಗ್ಗದ. ಸರ್ಕಾರದ ಆದೇಶಗಳಲ್ಲಿ ಅದು 'ಸಾಮೀಪ್ಯ ಮಾಪಕ ಪಟ್ಟಿ' ಎಂಬ ನಾಲಿಗೆ ಹೊರಳದ ಹೆಸರಿನಲ್ಲಿತ್ತು. ಒಣಜ್ವರ ರಾಜ್ಯದ ಗಡಿ ದಾಟಿ ಒಳಗೆ ಬಂದ ವರ್ಷ, ಧಾರವಾಡದ ನಿಯಂತ್ರಣ ಕೊಠಡಿಯಲ್ಲಿ ಮೊದಲ ಸಭೆ ಕೂಡಿದಾಗ, ಆ ಪಟ್ಟಿಯನ್ನು ಜನರ ಮುಂಗೈಗೆ ಬೀಗ ಹಾಕಿ ಬಿಗಿಯಬೇಕೆಂದು ದೊಡ್ಡ ಅಧಿಕಾರಿಗಳೆಲ್ಲ ಪಟ್ಟು ಹಿಡಿದಿದ್ದರು. ಮಹಾನಂದಾ ಎದ್ದು ನಿಂತು, "ಬೀಗ ಹಾಕಿದ್ರ ಅದು ಬೇಡಿ ಆಗ್ತೈತ್ರಿ. ನಾ ಮಾಡಿದ್ದು ಕಡಗ. ಬೇಕಾದಾಗ ಹಾಕ್ಕೋಬೇಕು, ಬ್ಯಾಡಾದಾಗ ತಗೀಬೇಕು. ಜನರ ಮ್ಯಾಲೆ ಅಷ್ಟೂ ನಂಬಿಕಿ ಇಲ್ಲಂದ್ರ ಈ ಯಂತ್ರ ನನಗೂ ಬ್ಯಾಡ," ಎಂದಳು. ಸಾಂಕ್ರಾಮಿಕ ರೋಗಗಳ ಗಣಿತದಲ್ಲಿ ಅವಳ ಮಾತಿಗೆ ತೂಕವಿತ್ತು. ಸಭೆ ಗೊಣಗುತ್ತಲೇ ಒಪ್ಪಿತು. ಆ ಗೆಲುವಿನ ಬಗ್ಗೆ ಅವಳಿಗೆ ಬಹಳ ದಿನ ಹೆಮ್ಮೆಯಿತ್ತು.

ಕಡಗದ ಕೆಲಸ ಸರಳವಾದದ್ದು. ಒಂದು ಕಡಗ ತನ್ನ ಸುತ್ತಲಿನ ಕಡಗಗಳ ಜೊತೆ ಕ್ಷೀಣವಾದ ರೇಡಿಯೋ ಅಲೆಗಳಲ್ಲಿ ಮಾತಾಡುತ್ತದೆ. ಯಾರು ಯಾರ ಪಕ್ಕ ಎಷ್ಟು ಹೊತ್ತು ನಿಂತರು, ಎಷ್ಟು ಹತ್ತಿರ ಕೂತರು ಎಂಬುದನ್ನು ನೆನಪಿಟ್ಟುಕೊಂಡು ಬೀದಿಯ ಕಂಬಕ್ಕೆ ಕಟ್ಟಿದ ಪೆಟ್ಟಿಗೆಗೆ ಒಪ್ಪಿಸುತ್ತದೆ. ಹೆಸರು ಮಾತ್ರ ಹೇಳುವುದಿಲ್ಲ. ಅದೂ ಮಹಾನಂದಾಳ ಹಟವೇ. ಓಣಿ ಓಣಿಯ ಒಡನಾಟವೆಲ್ಲ ಕೂಡಿ ನಿಯಂತ್ರಣ ಕೊಠಡಿಯ ಗೋಡೆಯ ಮೇಲಿನ ನಕ್ಷೆಯಲ್ಲಿ ಬಣ್ಣವಾಗುತ್ತದೆ. ಜನ ಕಲೆತು ಕುಳಿತಿದ್ದರೆ ಕೆಂಪು, ದೂರ ದೂರ ಇದ್ದರೆ ಹಸಿರು, ನಡುವಿನದು ಹಳದಿ. ಕೆಂಪು ಓಣಿಗಳಲ್ಲಿ ಜ್ವರ ಏರುತ್ತದೆ, ಹಸಿರು ಓಣಿಗಳಲ್ಲಿ ಆರುತ್ತದೆ. ಜನ ಆಸ್ಪತ್ರೆಗೆ ಬರುವ ಮೊದಲೇ ಜ್ವರದ ದಾರಿ ಗೊತ್ತಾಗುವುದೆಂದರೆ ಅದೇನು ಕಡಿಮೆಯೇ? ಇಡೀ ರಾಜ್ಯವನ್ನು ಒಂದೇ ಸಲ ಮುಚ್ಚಿ ಬಡವರ ಒಲೆ ಆರಿಸುವ ಬದಲು ಕೆಂಪಾದ ಓಣಿಯನ್ನಷ್ಟೇ ಮುಚ್ಚಬಹುದು, ಹಸಿರಾದದ್ದನ್ನು ತೆರೆಯಬಹುದು.

ಒಂದೇ ತೊಡಕಿತ್ತು. ಜನ ಸ್ನಾನಕ್ಕೆ, ನಿದ್ದೆಗೆ, ಹಿಟ್ಟು ನಾದುವುದಕ್ಕೆ ಕಡಗ ತೆಗೆಯುತ್ತಾರೆ. ಆಗ ಅದು ಏನೆಂದು ತಿಳಿಯಬೇಕು? ಮೈಯ ಬಿಸುಪು ಅಳೆಯುವ ಸಾಧನ ಸೇರಿಸಿದರೆ ಬ್ಯಾಟರಿ ಬೇಗ ಸಾಯುತ್ತಿತ್ತು. ಮಹಾನಂದಾ ಯೋಚಿಸಿ ಒಂದು ನಿಯಮ ಬರೆದಳು: ಅಲುಗಾಡದ ಕಡಗ ಎಂದರೆ ಮನೆಯಲ್ಲಿ ಕೂತ ಮನುಷ್ಯ. ಎಲ್ಲಿಯೋ ನಾಲ್ಕಾರು ಜನ ಕಡಗ ಬಿಚ್ಚಿಟ್ಟು ಇಸ್ಪೀಟು ಆಡಲು ಹೋದರೂ ಸಾವಿರಾರು ಜನರ ಲೆಕ್ಕದಲ್ಲಿ ಅದು ಕರಗಿಹೋಗುತ್ತದೆ ಎಂದುಕೊಂಡಳು. ಲೆಕ್ಕಶಾಸ್ತ್ರದ ಪ್ರಕಾರ ಅದು ಸರಿಯಾಗಿಯೇ ಇತ್ತು.

ಶ್ರಾವಣ ಪೂರ್ತಿ ನಕ್ಷೆಯಲ್ಲಿ ಎಲ್ಲಕ್ಕಿಂತ ಹಸಿರಾಗಿ ಹೊಳೆದದ್ದು ಸಿಂಗನಹಾಳದ ಹಟಗಾರಪೇಟೆ. ಮನೆಗೊಂದು ಮಗ್ಗವಿರುವ ನೇಕಾರರ ಪೇಟೆ ಅದು. ಮಹಾನಂದಾ ಹುಟ್ಟಿ ಬೆಳೆದದ್ದೂ ಅಲ್ಲಿಯೇ. ಆರೋಗ್ಯ ಮಂತ್ರಿ ಶಂಭುಲಿಂಗ ಹೆರಕಲ್ ಕೊಠಡಿಗೆ ಬಂದವರು ಆ ಹಸಿರು ಚುಕ್ಕೆಯ ಮುಂದೆ ನಿಂತು, "ಯಾವ ಊರ್ರಿ ಇದು? ಇಷ್ಟು ಶಿಸ್ತು ನಮ್ಮ ಪಕ್ಷದಾಗೂ ಇಲ್ಲಲ್ರಿ!" ಎಂದು ನಕ್ಕರು. "ನಮ್ಮೂರ್ರಿ," ಎಂದಳು ಮಹಾನಂದಾ. ಹಾಗೆ ಹೇಳುವಾಗ ಅವಳ ಮುಖ ಅರಳಿತ್ತು. ಚೌತಿಯ ಹೊತ್ತಿಗೆ ಪೇಟೆಯನ್ನು 'ಮಾದರಿ ಪೇಟೆ' ಎಂದು ಘೋಷಿಸಿ ತೆರೆದರು. ಮಗ್ಗ ಶುರುವಾದವು, ಸಂತೆ ಕೂಡಿತು, ಸುತ್ತಲಿನ ಮುಚ್ಚಿದ ಊರುಗಳ ಜನ ಸೀರೆಗೂ ಕೂಲಿಗೂ ಅಲ್ಲಿಗೇ ಧಾವಿಸಿದರು.

ಮಹಾನವಮಿಯ ಹೊತ್ತಿಗೆ ಸಿಂಗನಹಾಳದ ಆಸ್ಪತ್ರೆಯಲ್ಲಿ ಮಂಚ ಸಾಲದೆ ಶಾಲೆಯ ಬೆಂಚುಗಳನ್ನು ಜೋಡಿಸುವ ಹಾಗಾಯಿತು. ನಕ್ಷೆ ಮಾತ್ರ ಹಸಿರು. ಮಹಾನಂದಾಳ ಅಣ್ಣ ವಿರುಪಾಕ್ಷಪ್ಪನೂ ಆ ಜ್ವರದಲ್ಲೇ ತೀರಿಹೋದ. ಶವಸಂಸ್ಕಾರಕ್ಕೆ ಐದೇ ಜನ ಎಂದು ಸರ್ಕಾರದ ನಿಯಮವಿತ್ತು. ಆ ನಿಯಮದ ಕರಡಿನ ಮೇಲೆ ಸಹಿ ಹಾಕಿದವರಲ್ಲಿ ಅವಳೂ ಒಬ್ಬಳು. ತಾನು ಹೋಗಿ ಆರನೆಯವಳಾಗುವುದು ಬೇಡವೆಂದು ಕೊಠಡಿಯಲ್ಲಿಯೇ ಉಳಿದಳು. ಅಣ್ಣನನ್ನು ಮಣ್ಣಿಗೆ ಒಯ್ಯುವ ಹೊತ್ತಿಗೆ ಪರದೆಯ ಮೇಲೆ ಪೇಟೆಯನ್ನೇ ದಿಟ್ಟಿಸುತ್ತ ಕುಳಿತಳು. ಪೇಟೆ ಹಸಿರಾಗಿತ್ತು, ಯಾವತ್ತಿಗಿಂತ ಹಸಿರು. ಇಷ್ಟು ದುಃಖದಲ್ಲೂ ನಮ್ಮ ಜನ ನಿಯಮ ಮೀರಲಿಲ್ಲವಲ್ಲ ಎಂದು ಅವಳು ಅಳುತ್ತಲೇ ಅಭಿಮಾನಪಟ್ಟಳು. ಆಮೇಲೆ ನೆನೆದಾಗಲೆಲ್ಲ ಅವಳನ್ನು ಸುಡುತ್ತಿದ್ದದ್ದು ಆ ಅಭಿಮಾನವೇ.

ಜ್ವರ ಇಳಿಯಿತು, ಜಗಳ ಏರಿತು. ಆಸ್ಪತ್ರೆ ತುಂಬಿದಾಗಲೂ ಕಡಗ ಯಾಕೆ ಹಸಿರು ತೋರಿಸಿತು? ಆಳುವ ಪಕ್ಷದವರು, ಜನ ಕಡಗ ಬಿಚ್ಚಿಟ್ಟು ಬೇಕಂತಲೇ ಸರ್ಕಾರಕ್ಕೆ ಮೋಸ ಮಾಡಿದರು ಎಂದರು. ವಿರೋಧ ಪಕ್ಷದವರು, ಸೀರೆ ವ್ಯಾಪಾರಿಗಳ ಒತ್ತಡಕ್ಕೆ ಮಣಿದು ನಕ್ಷೆಗೆ ಸರ್ಕಾರವೇ ಹಸಿರು ಬಳಿಯಿತು ಎಂದರು. ಟಿ.ವಿ.ಯಲ್ಲಿ ಸಂಜೆಯಾದರೆ ಹಟಗಾರಪೇಟೆಯದೇ ಚರ್ಚೆ. ಬೀಗವಿರುವ ಹೊಸ ಕಡಗಕ್ಕೆ ಮಸೂದೆಯ ಕರಡು ಸಿದ್ಧವಾಯಿತು. ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕೆ ಮುಂಚೆ ಸದನ ಸಮಿತಿಯೊಂದನ್ನು ಮಾಡಿ, ಸಾಕ್ಷಿ ಹೇಳಲು ಮಹಾನಂದಾಳನ್ನು ಕರೆದರು. ಹೇಳುವುದಕ್ಕೆ ಅವಳ ಬಳಿ ಉತ್ತರವೇ ಇರಲಿಲ್ಲ.

ಸಾಕ್ಷಿಗೆ ಇನ್ನೂ ಸಮಯವಿರುವಾಗ ಅವಳು ಅಣ್ಣನ ಹೆಂಡತಿ ವೈನಿಯನ್ನು ಮಾತಾಡಿಸಲು ಸಿಂಗನಹಾಳಕ್ಕೆ ಹೋದಳು. ಅಣ್ಣ ಹೋದ ಮೇಲೆ ಮೊದಲ ಸಲ. ವೈನಿ ದಾಕ್ಷಾಯಣಿ ಪಡಸಾಲೆಯಲ್ಲಿ, ಅರ್ಧ ನೇಯ್ದು ನಿಂತ ಮಗ್ಗದ ಪಕ್ಕ ಚಾಪೆ ಹಾಸಿ ಕೂಡಿಸಿದಳು. ಇಬ್ಬರೂ ಅತ್ತರು. ಅತ್ತು ಮುಗಿದ ಮೇಲೆ ವೈನಿ ಚಹ ಮಾಡಿ ತಂದಳು.

"ನೀ ಬರಲಿಲ್ಲಂತ ನನಗೇನೂ ಸಿಟ್ಟಿಲ್ಲ ನಂದಾ. ನಿನ್ನ ಕೆಲಸ ಅಂಥಾದ್ದು."

"ಐದೇ ಮಂದಿ ಅಂದ್ರ ಭಾಳ ಬಿಕೋ ಅನಿಸಿರಬೇಕಲ್ಲ ವೈನಿ? ಯಾರ್ಯಾರು ಹೋಗಿದ್ರಿ?"

ವೈನಿ ಅವಳ ಮುಖವನ್ನೇ ನೋಡಿದಳು. "ಐದು ಮಂದಿ? ಯಾರು ಹೇಳಿದ್ರು ನಿನಗ? ಇಡೀ ಪೇಟಿ ಬಂದಿತ್ತು. ನಿಮ್ಮಣ್ಣಗ ಮಣ್ಣು ಕೊಡಾಕ ಮಂದಿ ಸಾಲು ಹಚ್ಚಿ ನಿಂತಿದ್ರು. ಹಿಂದಿನ ಸಂದಿಲೆ ಹಾದು, ಪೊಲೀಸರ ಕಣ್ಣು ತಪ್ಪಿಸಿ ಬಂದ್ರು. ಅದೊಂದ ನೋಡು ನನಗ ಸಮಾಧಾನ. ಯಾರೂ ದಿಕ್ಕಿಲ್ಲದಾಂವನಂಗ ಹೋಗಲಿಲ್ಲ ಅಂವ."

ಮಹಾನಂದಾ ಕೈಯಲ್ಲಿದ್ದ ಬಸಿಯನ್ನು ಕೆಳಗಿಟ್ಟಳು. ಆ ಮಧ್ಯಾಹ್ನದ ಹಸಿರು ಪರದೆ ಕಣ್ಣ ಮುಂದೆ ಬಂತು. "ಮತ್ತ ಕಡಗ? ಕಡಗ ಹಾಕ್ಕೊಂಡಿರಲಿಲ್ಲೇನು?"

"ಕಡಗ ಹಾಕ್ಕೊಂಡು ಯಾರರ ಮಣ್ಣಿಗೆ ಹೋಗ್ತಾರೇನವ್ವಾ? ಗೂಡಿನ್ಯಾಗ ಇಟ್ಟು ಹೋಗಿದ್ವಿ," ಎಂದು ವೈನಿ ಬಾಗಿಲ ಪಕ್ಕದ ಗೋಡೆಗೂಡು ತೋರಿಸಿದಳು. "ಸತ್ತಾಂವ ಬರಿಗೈಲೆ ಹೋಗ್ತಾನ. ಅವನ್ನ ಕಳಸಾಕ ಹೋಗೂರೂ ಬರಿಗೈಲೆ ಹೋಗಬೇಕು. ನಿಮ್ಮಪ್ಪ ಗಡಿಯಾರ, ಉಂಗುರ ಎಲ್ಲಾ ತಗದು ಇಲ್ಲೇ ಇಡತಿದ್ರಲ್ಲ. ನೀ ಧಾರವಾಡದಾಗ ಇದ್ದು ಇದ್ದು ಎಲ್ಲಾ ಮರತಿ."

ಅವಳು ಮರೆತೇ ಬಿಟ್ಟಿದ್ದಳು. ಹಟಗಾರಪೇಟೆಯ ರೂಢಿ ಅದು. ಬೇರೆ ಕಡೆ ಇದೆಯೋ ಇಲ್ಲವೋ. ಗಾಜಿನ ಬಳೆಯೊಂದಕ್ಕೆ ವಿನಾಯಿತಿ. ಉಳಿದಂತೆ ಬಂಗಾರವಿರಲಿ, ಬೆಳ್ಳಿಯಿರಲಿ, ಗಡಿಯಾರವಿರಲಿ, ಕೈಯ ಮೇಲೆ ಏನೂ ಇರುವಂತಿಲ್ಲ. ಬಂದು ತಲೆಗೆ ನೀರು ಹಾಕಿಕೊಂಡ ಮೇಲೆಯೇ ಮತ್ತೆ ಧರಿಸುವುದು. ಪುಟ್ಟ ಹುಡುಗಿಯಾಗಿದ್ದಾಗ ಅಪ್ಪನ ಗಡಿಯಾರ ಗೂಡಿನಲ್ಲಿ ಟಿಕ್ ಟಿಕ್ ಎನ್ನುವುದನ್ನು ಕೇಳುತ್ತ ಅವಳು ಆ ಗೂಡಿನ ಕೆಳಗೇ ಆಡಿದ್ದಳು. ಹೊರಗಿನವರು ಯಾರಾದರೂ ಆ ಯಂತ್ರ ಮಾಡಿದ್ದರೆ ಗೊತ್ತಿರಲಿಲ್ಲ ಅನ್ನಬಹುದಿತ್ತು. ಇವಳಿಗೆ ಗೊತ್ತಿತ್ತು, ಆದರೂ ಹೊಳೆಯಲಿಲ್ಲ.

"ಶ್ರಾವಣದಾಗ ಯಾರ್ಯಾರು ಹೋದ್ರು ವೈನಿ?" ಎಂದು ಅವಳು ಮೆಲ್ಲಗೆ ಕೇಳಿದಳು.

ವೈನಿ ಹಬ್ಬಗಳನ್ನು ಹಿಡಿದು ಬೆರಳು ಮಡಚತೊಡಗಿದಳು. ಪಂಚಮಿ ಮರುದಿನ ಮೂಲಿಮನಿ ಅಜ್ಜ. ಎರಡನೇ ಸೋಮವಾರ ಬಣ್ಣದ ನಿಂಗವ್ವ. ನೂಲಹುಣ್ಣಿಮೆಗೆ ಗಂಡ ಹೆಂಡತಿ ಇಬ್ಬರೂ. ಬೆನಕನ ಅಮಾವಾಸ್ಯೆಗೆ... ಬೆರಳು ಸಾಲದೆ ಮತ್ತೆ ಮೊದಲಿನಿಂದ ಮಡಚಿದಳು. "ಆಸ್ಪತ್ರಿಗೆ ಹೇಳಿದ್ರ ಪ್ಲಾಸ್ಟಿಕ್ ಚೀಲದಾಗ ಸುತ್ತಿ ಒಯ್ತಿದ್ರು. ಐದ ಮಂದಿನ್ನ ಬಿಡ್ತಿದ್ರು. ಅದಕ್ಕ ವಯಸ್ಸಾಗಿತ್ತು ಅಂತ ಹೇಳಿ ನಾವ ಮಾಡಿ ಮುಗಿಸಿದ್ವಿ."

ಧಾರವಾಡಕ್ಕೆ ಮರಳಿದವಳೇ ಮಹಾನಂದಾ ತನ್ನ ಸಹೋದ್ಯೋಗಿ ಇಮ್ತಿಯಾಜ್ ಕಿತ್ತೂರನನ್ನು ಕೂಡಿಸಿಕೊಂಡು ನಕ್ಷೆಯನ್ನು ಹಿಂದಕ್ಕೆ ಓಡಿಸಿದಳು. ಇಮ್ತಿಯಾಜ್ ಅವಳ ಜೊತೆ ಮೊದಲ ದಿನದಿಂದ ಇದ್ದವನು. ನಕ್ಷೆಯ ಪ್ರತಿ ಬಣ್ಣವನ್ನೂ ಅವನೇ ಕೂಡಿಸಿದ್ದ. ಪಂಚಮಿ ಮರುದಿನ ಬೆಳಗ್ಗೆ ಪೇಟೆ ತುಸು ಹಳದಿಯಾಗಿತ್ತು. ಮಧ್ಯಾಹ್ನ ಅಚ್ಚ ಹಸಿರು. ಇಳಿಹೊತ್ತಿಗೆ, ಜನ ಸ್ನಾನ ಮಾಡಿ ಕಡಗ ಧರಿಸಿದ ಮೇಲೆ, ಮತ್ತೆ ಹಳದಿ. ಎರಡನೇ ಸೋಮವಾರ ಹಾಗೆಯೇ, ಹುಣ್ಣಿಮೆಯ ದಿನವೂ ಹಾಗೆಯೇ. ದಿನದ ಸರಾಸರಿಯಲ್ಲಿ ಆ ಮಧ್ಯಾಹ್ನದ ಹಸಿರೇ ಮೇಲಾಗುತ್ತಿತ್ತು. ಸಾವು ಹೆಚ್ಚಾದಷ್ಟೂ ಮಣ್ಣಿಗೆ ಹೋಗುವುದು ಹೆಚ್ಚಾಯಿತು. ಹೋದಷ್ಟೂ ಗೂಡುಗಳಲ್ಲಿ ಅಲುಗಾಡದ ಕಡಗಗಳು ಹೆಚ್ಚಾದವು. ಹೆಗಲಿಗೆ ಹೆಗಲು ತಾಗಿಸಿ ಇಡೀ ಪೇಟೆ ರುದ್ರಭೂಮಿಯಲ್ಲಿ ನಿಂತಾಗ, ಎಲ್ಲರೂ ಮನೆಯಲ್ಲಿ ತೆಪ್ಪಗೆ ಕೂತಿದ್ದಾರೆಂದು ಯಂತ್ರ ಓದಿತ್ತು. ರಾಜ್ಯದಲ್ಲಿ ಅತಿ ಹೆಚ್ಚು ಸಾವು ಕಂಡ ಪೇಟೆಗೇ ಅತಿ ಹೆಚ್ಚು ಶಿಸ್ತಿನ ಪೇಟೆ ಎಂಬ ಹೆಸರು ಬಂದದ್ದು ಹೀಗೆ.

ಇಮ್ತಿಯಾಜ್ ಓಡುತ್ತಿದ್ದ ನಕ್ಷೆಯನ್ನು ನಿಲ್ಲಿಸಿದ. "ನಮ್ಮೊಳಗೂ ಮಣ್ಣು ಕೊಡಾಕ ಹೋಗ್ತಾರ್ರಿ ಮೇಡಂ," ಎಂದ. "ಐದ ಮಂದಿ ಅಂತ ನಿಯಮ ಮಾಡೂ ದಿನ ನಾನೂ ಇಲ್ಲೇ ಕುಂತಿದ್ದೆ. ಇದು ನಡಿಯೂದಲ್ಲ ಅಂತ ಅನಿಸಿತ್ತು. ಬಾಯಿ ಬಿಡಲಿಲ್ಲ ನೋಡ್ರಿ."

"ನನಗ ಅಷ್ಟೂ ಅನಿಸಲಿಲ್ಲ," ಎಂದಳು ಮಹಾನಂದಾ.

ಉತ್ತರ ಸಿಕ್ಕಿತ್ತು, ಆದರೆ ಅದು ಯಾರಿಗೂ ಬೇಕಿರಲಿಲ್ಲ. ಬೆಳಗಾವಿಯ ಪ್ರವಾಸಿ ಮಂದಿರದಲ್ಲಿ ಮಂತ್ರಿ ಹೆರಕಲ್ ಅವಳನ್ನು ಕರೆಸಿಕೊಂಡು ಆದರದಿಂದಲೇ ಮಾತಾಡಿದರು. "ಡಾಕ್ಟರ್, ನಿಮ್ಮ ಯಂತ್ರಕ್ಕ ಕಳಂಕ ಬರಬಾರದು ಅಂತ ನನಗೂ ಐತಿ. ಜನ ಬಿಚ್ಚಿಟ್ಟಿದ್ರು ಅನ್ನೂದು ಖರೇ ಅಲ್ರಿ? ಅಷ್ಟು ಹೇಳಿ ಬಿಡ್ರಿ. ಯಾಕ ಬಿಚ್ಚಿದ್ರು ಅನ್ನೂದು ಯಾರಿಗೆ ಬೇಕಾಗೈತಿ?" ವಿರೋಧ ಪಕ್ಷದ ನಾಯಕಿ ಲೀಲಾವತಿ ಕದಂ ಫೋನು ಮಾಡಿದರು. "ನಿಮ್ಮಣ್ಣನ್ನ ಕಳಕೊಂಡೀರಿ ತಾಯಿ, ನನಗ ಗೊತ್ತೈತಿ. ಪೇಟಿ ತೆರೀರಿ ಅಂತ ನಿಮ್ಮ ಮ್ಯಾಲೆ ಒತ್ತಡ ಇತ್ತು ಅಂತ ಒಂದು ಮಾತು ಹೇಳ್ರಿ, ಈ ಸರ್ಕಾರ ಉಳಿಯಂಗಿಲ್ಲ." ಒತ್ತಡವೇನೂ ಇರಲಿಲ್ಲ. ಪೇಟೆಯನ್ನು ತೆರೆಯಬಹುದೆಂದು ಮೊದಲು ಹೇಳಿದವಳೇ ಅವಳು. ಹಾಗೆಂದಾಗ ಕದಂ ಅವರಿಗೆ ಅವಳ ಮೇಲಿನ ಆಸಕ್ತಿ ಹೊರಟುಹೋಯಿತು.

ಸಾಕ್ಷಿಯ ಹಿಂದಿನ ದಿನ ವೈನಿಯ ಫೋನು ಬಂತು.

"ನಂದಾ, ನಾಳೆ ನೀ ಹೇಳಾಕಿ ಅಂತ ಟಿ.ವಿ.ಯಾಗ ಬಂತು. ಮಣ್ಣಿಗೆ ಹೋಗೂಮುಂದ ಕಡಗ ತಗೀತೀವಿ ಅನ್ನೂದು ಹೇಳಬ್ಯಾಡ."

"ಹೇಳದಿದ್ರ ಪೇಟಿ ಮಂದಿಗೆ ಮೋಸಗಾರರು ಅಂತಾರ, ವೈನಿ. ಇಸ್ಪೀಟ ಆಡಾಕ, ಕುಡಿಯಾಕ ಹೋಗಿದ್ರು ಅನ್ನಾಕತ್ತಾರ. ನಮ್ಮಣ್ಣನ ಹೆಸರೂ ಅದರಾಗ ಬರ್ತೈತಿ."

"ಅನ್ನಲಿ ಬಿಡು. ಅಂದವ್ರ ಬಾಯಿ ಅದು. ನಾಕು ದಿನ ಅಂದು ಸುಮ್ಮನಾಗ್ತಾರ. ಹೇಳಿದಿ ಅಂದ್ರ ಮಾತ್ರ ನಮಗ ಮಣ್ಣಿಗೆ ಹೋಗದಂಗ ಮಾಡ್ತಾರ. ಇಷ್ಟು ಸಾವು ಬಂದೂ ನಾವು ಹುಚ್ಚರಾಗದ ಉಳದೀವಿ ಅಂದ್ರ ಒಬ್ಬರನ್ನೊಬ್ಬರು ಕಳಿಸಿ ಕೊಟ್ಟೀವಿ ಅಂತ. ಅದನ್ನ ಕಸಗೋಬ್ಯಾಡ್ರಿ."

"ಕಸಗೊಳ್ಳಂಗಿಲ್ಲ. ತಿಳಿಸಿ ಹೇಳಿದ್ರ ಅವರಿಗೂ ತಿಳೀತೈತಿ, ವೈನಿ. ಅವರೂ ಮನುಷ್ಯಾರು."

"ನೀ ಕಲತಾಕಿ," ಎಂದು ವೈನಿ ನಿಟ್ಟುಸಿರುಬಿಟ್ಟಳು. "ನಿನಗ ತಿಳದಂಗ ಮಾಡು."

ಮಹಾನಂದಾಳ ಮುಂದೆ ಎರಡು ದಾರಿಗಳಿದ್ದವು. ಬಾಯಿ ಮುಚ್ಚಿಕೊಂಡರೆ ಪೇಟೆಯ ಹೆಸರು ಕೆಡುತ್ತದೆ, ಮಂತ್ರಿಯ ಮಾತೇ ನಿಲ್ಲುತ್ತದೆ, ಮುಂದಿನ ಜ್ವರದಲ್ಲಿ ಯಂತ್ರ ಇದೇ ತಪ್ಪು ಮಾಡುತ್ತದೆ. ಹೇಳಿದರೆ ವೈನಿ ಹೆದರಿದ್ದು ಆಗಬಹುದು. ಆದರೆ ಅದೊಂದು ಬರೀ ಭಯ, ವಿವರಿಸಿದರೆ ಯಾವ ಸರ್ಕಾರ ಶೋಕಕ್ಕೆ ಬೀಗ ಹಾಕುತ್ತದೆ ಎಂದು ಅವಳಿಗೆ ಅನ್ನಿಸಿತು. ಸತ್ಯ ಪೂರ್ತಿ ಹೇಳಿದರೆ ಅದರ ಜೊತೆ ಕರುಣೆಯೂ ತಾನಾಗಿಯೇ ಹೋಗುತ್ತದೆಂದು ನಂಬಿದ್ದಳು, ಪಾಪ.

ಸಮಿತಿಯ ಮುಂದೆ ಅವಳು ಎಲ್ಲವನ್ನೂ ಹೇಳಿದಳು. ಅಲುಗಾಡದ ಕಡಗದ ನಿಯಮ ತನ್ನದೇ ಎಂದಳು. ಐದು ಜನರ ನಿಯಮ ಮಾಡಿ ಸಾವನ್ನು ಕದ್ದುಮುಚ್ಚಿ ನಡೆಯುವಂತೆ ಮಾಡಿದವರು ನಾವೇ ಎಂದಳು. ಬರಿಗೈಯಲ್ಲಿ ಹೋಗುವುದು ಯಾಕೆಂದು ವಿವರಿಸಿದಳು. ಶವಸಂಸ್ಕಾರಕ್ಕೆ ಬಯಲಿನಲ್ಲಿ ದೂರ ದೂರ ನಿಲ್ಲಿಸಿ ಎಲ್ಲರಿಗೂ ಅವಕಾಶ ಕೊಟ್ಟಿದ್ದರೆ ಜನ ಹೇಳಿಯೇ ಮಾಡುತ್ತಿದ್ದರು, ನಮಗೂ ಸಾವಿನ ಸುದ್ದಿ ಮೊದಲೇ ತಿಳಿಯುತ್ತಿತ್ತು ಎಂದಳು. ಸಮಿತಿಯ ಸದಸ್ಯರು ತಲೆದೂಗಿದರು. ಒಬ್ಬರ ಕಣ್ಣಂಚು ಒದ್ದೆಯಾಗಿತ್ತು. ಹೊರಗೆ ಬಂದಾಗ ಅವಳ ಎದೆ ಹಗುರಾಗಿತ್ತು.

ಸದನದಲ್ಲಿ ಚರ್ಚೆಗೆ ಬಂದ ದಿನ ಅವಳು ಅಧಿಕಾರಿಗಳ ಗ್ಯಾಲರಿಯಲ್ಲಿದ್ದಳು. ಅವಳ ಅಷ್ಟು ಮಾತು ವರದಿಯಲ್ಲಿ 'ಶವಸಂಸ್ಕಾರದ ವೇಳೆ ಪಟ್ಟಿಯನ್ನು ತೆಗೆದಿಡುವ ಸ್ಥಳೀಯ ಅಭ್ಯಾಸ' ಎಂಬ ಒಂದೇ ಸಾಲಾಗಿತ್ತು.

"ಮಾನ್ಯ ಸಭಾಧ್ಯಕ್ಷರೇ," ಎಂದು ಕದಂ ಎದ್ದರು. "ಮುಚ್ಚಿದವರು ನೀವು, ತೆರೆದವರು ನೀವು, ಸತ್ತವರು ಮಾತ್ರ ನಮ್ಮ ಜನ. ಅಣ್ಣನ ಹೆಣಕ್ಕೆ ತಂಗಿ ಬರಬಾರದೆಂದು ನಿಯಮ ಮಾಡಿದಿರಲ್ಲ, ಅದೇ ತಿಂಗಳು ಮಂತ್ರಿಗಳ ಮನೆಯ ಮದುವೆಯಲ್ಲಿ ಎಷ್ಟು ಪಂಕ್ತಿ ಎದ್ದವು? ಹೇಳಲಿ!"

ಗದ್ದಲವೆದ್ದಿತು. ಹೆರಕಲ್ ಮೇಜು ಕುಟ್ಟಿದರು. "ಮುಚ್ಚಿದರೆ ಹಸಿವಿನಿಂದ ಕೊಂದಿರಿ ಅಂತೀರಿ. ತೆರೆದರೆ ಜ್ವರದಿಂದ ಕೊಂದಿರಿ ಅಂತೀರಿ. ಪೇಟೆ ತೆರೆಯಿರಿ, ನೇಕಾರರ ಹೊಟ್ಟೆಗೆ ಹೊಡೆಯಬೇಡಿ ಅಂತ ಇದೇ ಸದನದಲ್ಲಿ ಅತ್ತವರು ಯಾರು? ನೀವೇ ಅಲ್ಲವೇ? ಯಂತ್ರ ಸುಳ್ಳು ಹೇಳಿಲ್ಲ, ಸರ್ಕಾರ ಸುಳ್ಳು ಹೇಳಿಲ್ಲ. ಕಡಗ ಬಿಚ್ಚಿದ್ದೇ ಇದಕ್ಕೆಲ್ಲ ಕಾರಣ ಅಂತ ಯಂತ್ರ ಮಾಡಿದ ವಿಜ್ಞಾನಿಯೇ ಹೇಳಿದ್ದಾರೆ!"

ಇಬ್ಬರ ಮಾತಿನಲ್ಲೂ ಒಂದಿಷ್ಟು ನಿಜವಿತ್ತು. ಅದೇ ಮಹಾನಂದಾಳನ್ನು ಹೆಚ್ಚು ಹಿಂಡಿತು. ಎದ್ದು ನಿಂತು ಕೂಗಬೇಕೆನ್ನಿಸಿತು, ಆದರೆ ಗ್ಯಾಲರಿಯಲ್ಲಿದ್ದವರಿಗೆ ಮಾತಾಡುವ ಹಕ್ಕಿಲ್ಲ.

ಮಂತ್ರಿಗಳು ತಿದ್ದುಪಡಿ ಮಸೂದೆ ಮಂಡಿಸಿದರು. ಇನ್ನು ಮುಂದೆ ಕಡಗಕ್ಕೆ ಬೀಗ. ಬಿಚ್ಚುವ ಅಧಿಕಾರ ಆರೋಗ್ಯ ಕೇಂದ್ರಕ್ಕೆ ಮಾತ್ರ. "ಆದರೆ ನಮ್ಮದು ಹೃದಯವಿಲ್ಲದ ಸರ್ಕಾರವಲ್ಲ," ಎಂದು ಅವರು ದನಿ ತಗ್ಗಿಸಿದರು. "ಡಾಕ್ಟರ ಸಲಹೆಯಂತೆ ಐದು ಜನರ ಮಿತಿ ತೆಗೆದಿದ್ದೇವೆ. ಅಂತ್ಯಕ್ರಿಯೆಗೆ ಎಷ್ಟು ಜನ ಬೇಕಾದರೂ ಹೋಗಬಹುದು. ಕಡಗ ಕೈಯಲ್ಲಿದ್ದರಾಯಿತು." ಆಳುವ ಪಕ್ಷದವರು ಮೇಜು ಬಡಿದರು. ಬರಿಗೈಯಲ್ಲಿ ಹೋಗುವ ರೂಢಿಯ ಬಗ್ಗೆ ಮಹಾನಂದಾ ವಿವರಿಸಿದ್ದು ಯಾರ ಕಿವಿಗೂ ಬಿದ್ದಿರಲಿಲ್ಲ. ವಿರೋಧ ಪಕ್ಷದವರಾದರೂ ತಡೆಯುತ್ತಾರೆಂದು ಅವಳು ಆ ಸಾಲಿನತ್ತ ನೋಡಿದಳು. ಅವರಿಗೆ ಬೇಕಾದದ್ದು ಮಂತ್ರಿಯ ರಾಜೀನಾಮೆ. ಅದು ಸಿಗದೆ, ಧಿಕ್ಕಾರ ಕೂಗುತ್ತ ಸಭಾತ್ಯಾಗ ಮಾಡಿ ಕ್ಯಾಮೆರಾಗಳಿದ್ದ ಕಡೆ ಹೊರಟುಹೋದರು. ಖಾಲಿ ಬೆಂಚುಗಳ ಎದುರು ಮಸೂದೆ ಧ್ವನಿಮತದಿಂದ ಪಾಸಾಯಿತು.

ಹೊಸ ಕಡಗಗಳು ಸಂಕ್ರಾಂತಿಗೆ ಬಂದವು. ಜ್ವರ ಇಳಿದಿದ್ದರೂ ಮತ್ತೆ ಏರಬಹುದೆಂಬ ಭಯವಿತ್ತು. ಭಯ ಇರುವಷ್ಟು ದಿನ ಕಡಗವೂ ಇರುತ್ತದೆ. ಈಗಿನ ಬ್ಯಾಟರಿ ಬಿಸುಪನ್ನೂ ನಾಡಿಯನ್ನೂ ಅಳೆಯುವಷ್ಟು ಗಟ್ಟಿಯಿತ್ತು. ಮಹಾನಂದಾಳ ಮುಂಗೈಗೂ ಒಂದು ಬಿತ್ತು. ವೈನಿಗೆ ಫೋನು ಮಾಡಿ ಏನೇನೋ ಹೇಳಹೊರಟಳು. ವೈನಿ ಜಗಳವಾಡಲಿಲ್ಲ. "ಆತು ಬಿಡವ್ವಾ. ನೀ ಒಳ್ಳೇದಕ್ಕಂತನ ಹೇಳಿದಿ," ಎಂದಳು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಹೋಳಿ ಹುಣ್ಣಿಮೆ ಕಳೆದ ಮೇಲೆ ಒಂದು ಬೆಳಗ್ಗೆ ವೈನಿ ಮಗ್ಗದ ಮುಂದೆ ಕೂತಲ್ಲೇ ಕುಸಿದು ಪ್ರಾಣಬಿಟ್ಟಳು. ಜ್ವರವಲ್ಲ, ಹೃದಯ. ಸುದ್ದಿ ತಿಳಿದ ಕೂಡಲೇ ಮಹಾನಂದಾ ಹೊರಟಳು. ಈ ಸಲ ಅವಳನ್ನು ತಡೆಯುವ ನಿಯಮವಿರಲಿಲ್ಲ. ದಾರಿಯುದ್ದಕ್ಕೂ, ಕಡಗವಿದ್ದರೂ ವೈನಿಗಾಗಿ ಜನ ಬಂದೇ ಬರುತ್ತಾರೆ, ಪೇಟೆ ತುಂಬ ಸೇರಿರುತ್ತಾರೆ, ಕಾರು ಎಲ್ಲಿ ನಿಲ್ಲಿಸುವುದೋ ಎಂದುಕೊಳ್ಳುತ್ತಿದ್ದಳು.

ಪೇಟೆಯ ಬೀದಿ ಖಾಲಿಯಿತ್ತು. ಮನೆಮನೆಯ ಬಾಗಿಲೂ ತೆರೆದಿತ್ತು, ಪ್ರತಿ ಹೊಸ್ತಿಲ ಒಳಗೆ ಜನ ನಿಂತಿದ್ದರು. ಯಾರೂ ಹೊಸ್ತಿಲು ದಾಟಿರಲಿಲ್ಲ. ಗಂಡಸರು ಕೈ ಹಿಂದೆ ಕಟ್ಟಿದ್ದರು, ಹೆಂಗಸರು ಮುಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. ವೈನಿಯ ಮನೆಯ ಮುಂದೆ ಪುರಸಭೆಯ ಗಾಡಿ ನಿಂತಿತ್ತು. ಅಣ್ಣನ ಗೆಳೆಯ ಶಿವಲಿಂಗಪ್ಪ ಕಾಕಾ ಎದುರು ಮನೆಯ ಬಾಗಿಲಲ್ಲಿದ್ದರು. ಅಣ್ಣನ ಮಣ್ಣಿಗೆ ಮುಂದೆ ನಿಂತು ಎಲ್ಲ ಮಾಡಿದವರು ಅವರೇ ಎಂದು ವೈನಿ ಹೇಳಿದ್ದಳು.

"ಕಾಕಾ, ಯಾಕ ಯಾರೂ ಬಂದಿಲ್ಲ? ಈಗ ಎಷ್ಟು ಮಂದಿ ಬೇಕಾದ್ರೂ ಬರಬಹುದು. ಯಾರೂ ಏನೂ ಅನ್ನಂಗಿಲ್ಲ."

"ಗೊತ್ತೈತಿ ತಂಗಿ. ಡಂಗುರ ಹೊಡದು ಹೇಳ್ಯಾರ." ಮುದುಕರು ಹಿಂದೆ ಕಟ್ಟಿದ ಕೈಯನ್ನು ಮುಂದೆ ತಂದು ಕಡಗ ತೋರಿಸಿದರು. ಅದರ ಸುತ್ತ ಚರ್ಮ ಕೆಂಪಗೆ ಕಿತ್ತುಹೋಗಿತ್ತು. "ಮುಂಜಾನಿಂದ ಸಾಬೂನು ಹಚ್ಚಿ ಎಳದೀವಿ ಎಲ್ಲಾರೂ. ಆರೋಗ್ಯ ಕೇಂದ್ರಕ್ಕ ಹೋಗಿ ಕೇಳಿದ್ವಿ, ಬಿಚ್ಚಾಕ ಮ್ಯಾಲಿನ ಅಪ್ಪಣಿ ಬೇಕಂತ. ಇದನ್ನ ಕಟಗೊಂಡು ಹ್ಯಾಂಗ ಬರೂದವ್ವಾ? ಪುಣ್ಯಾತಗಿತ್ತಿ ಆಕಿ. ಆಕಿಗೆ ಅವಮಾನ ಮಾಡಿದಂಗ ಆಗೂದಿಲ್ಲೇನು?"

"ಆಕಿ ಒಬ್ಬಾಕಿನ ಹೋಗೂದಕ್ಕಿಂತ..."

"ಹೊಸ್ತಿಲಾಗ ನಿಂತು ಕೈ ಮುಗೀತೀವಿ. ಅಷ್ಟ ನಮ್ಮ ಕೈಲೆ ಆಗೂದು." ಅವರು ಅತ್ತುಬಿಟ್ಟರು. ಅವಳನ್ನು ಅವರು ದೂರಲಿಲ್ಲ. ಬೀದಿಯಲ್ಲಿ ಯಾರೂ ದೂರಲಿಲ್ಲ.

ಪುರಸಭೆಯ ನಾಲ್ಕು ಜನ ವೈನಿಯನ್ನು ಎತ್ತಿಕೊಂಡರು. ಬೀದಿಯ ಎರಡೂ ಕಡೆ ಕೈಗಳು ಮುಗಿದವು. ಹಿಂದೆ ನಡೆದವಳು ಮಹಾನಂದಾ ಒಬ್ಬಳೇ. ರುದ್ರಭೂಮಿಯಲ್ಲಿ ಅಣ್ಣನ ಪಕ್ಕದಲ್ಲಿಯೇ ಗುಂಡಿ ತೆಗೆದಿದ್ದರು. ವೈನಿಯನ್ನು ಇಳಿಸಿ, ಸ್ವಾಮಿಗಳು ಮಂತ್ರ ಹೇಳಿ, ವಿಭೂತಿ ಇಟ್ಟು, ಮಣ್ಣು ಕೊಡುವವರು ಬನ್ನಿರೆಂದು ಸನ್ನೆ ಮಾಡಿದರು. ಮಹಾನಂದಾ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಮುಂಗೈಯ ಮೇಲೆ ಕಡಗ ಬಿಸಿಲಿಗೆ ಹೊಳೆಯಿತು. ಅದು ಬಿಚ್ಚುವುದಿಲ್ಲವೆಂದು ಅವಳಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ, ಆದರೂ ಎಡಗೈಯಿಂದ ತಿರುಚಿ ತಿರುಚಿ ಎಳೆದಳು. ಗುಂಡಿಯ ಅಂಚಿನಲ್ಲಿ ನಿಂತು, ಇಡೀ ಪೇಟೆ ಹೊಸ್ತಿಲು ದಾಟದೆ ತಡೆದುಕೊಂಡದ್ದನ್ನು ತಾನು ಮೀರಲೋ ಬೇಡವೋ ಎಂದು ಒದ್ದಾಡಿದಳು.

"ಅಕ್ಕಾರ, ಕೊಡ್ರಿ. ಹೊತ್ತಾತು," ಎಂದ ಪುರಸಭೆಯವನೊಬ್ಬ.

ಅವಳಿಂದ ಆಗಲಿಲ್ಲ. ಹಿಡಿಯಲ್ಲಿದ್ದ ಮಣ್ಣನ್ನು ಪಕ್ಕದ ರಾಶಿಗೇ ಮೆಲ್ಲಗೆ ಸುರಿದು ಹಿಂದೆ ಸರಿದಳು. ಆ ನಾಲ್ಕು ಜನ ಸಲಿಕೆಯಿಂದ ಗುಂಡಿ ಮುಚ್ಚಿದರು. ಅಣ್ಣನ ಹೊತ್ತಿಗೆ ಮನಸ್ಸು ಮಾಡಿದ್ದರೆ ಬರಬಹುದಿತ್ತು, ಬರಲಿಲ್ಲ. ಈಗ ಬಂದೂ ವೈನಿಗೆ ಒಂದು ಹಿಡಿ ಮಣ್ಣು ಕೊಡದವಳಾದೆನಲ್ಲ ಎಂದು ಅವಳು ಬಿಕ್ಕಿದಳು.

ಸಲಿಕೆಯ ಸದ್ದು ನಿಲ್ಲುವಷ್ಟರಲ್ಲಿ ಫೋನು ಬಂತು. ಇಮ್ತಿಯಾಜ್.

"ಇಂಥಾ ಹೊತ್ತಿನ್ಯಾಗ ಕೇಳಬಾರದ್ರಿ ಮೇಡಂ, ತಪ್ಪು ತಿಳಕೋಬ್ಯಾಡ್ರಿ. ಹಟಗಾರಪೇಟಿ ಮುಂಜಾನಿಂದ ಪೂರಾ ಹಸಿರು ತೋರಿಸಾಕತ್ತೈತಿ. ಮಣ್ಣು ಇರೂ ದಿನ ಹಿಂಗ ಹ್ಯಾಂಗ ಹಸಿರು ಬಂತು, ಬೀಗ ಮುರದಾರೇನು ಅಂತ ಮಂತ್ರಿಗಳ ಆಫೀಸಿನವ್ರು ಕೇಳಾಕತ್ತಾರ. ನಾಡಿ ಬಡಿಯೂದು ಕಾಣಸಾಕತ್ತೈತಿ ಅಂದ್ರೂ ನಂಬವಲ್ರು. ಎಲ್ಲಾರೂ ಅಲ್ಲೇ ನಿಮ್ಮ ಜೋಡಿ ಅದಾರಲ್ರಿ?"

ಮಹಾನಂದಾ ಸುತ್ತ ನೋಡಿದಳು. ಪುರಸಭೆಯವರು ಗಾಡಿ ಹತ್ತುತ್ತಿದ್ದರು. ಸ್ವಾಮಿಗಳು ಆಗಲೇ ಅರ್ಧ ದಾರಿ ಹೋಗಿದ್ದರು.

"ಇಲ್ಲ ಇಮ್ತಿಯಾಜ್," ಎಂದಳು. "ಯಾರೂ ಬಂದಿಲ್ಲ. ಎಲ್ಲಾರೂ ಮನ್ಯಾಗ ಅದಾರ. ಈ ಸಲ ನಮ್ಮ ಲೆಕ್ಕ ಬರೋಬ್ಬರಿ ಐತಿ ಅಂತ ಹೇಳಿಬಿಡ್ರಿ."